ಭಟ್ಟಿ ಇಳಿಸಿದ್ದು

ಬಳ್ಳಾರಿ ಪಕ್ಕದ ಹಲಕುಂದಿಯಲ್ಲಿ ನಿಂತು ಭಟ್ಟಿ ಅಂದರೆ ಯಾವ ಭಟ್ಟಿ ಎಂದು ಕೇಳಬೇಕಾಗುತ್ತದೆ. ಇಟ್ಟಿಗೆ ಸುಡುವ ಭಟ್ಟಿ ಒಂದು. ಮಂಡಾಳು ಹುರಿಯುವ ಭಟ್ಟಿ ಇನ್ನೊಂದು. ಒಗ್ಗರಣಿ ಮಂಡಾಳು, ಮಿರ್ಚಿ ಇಲ್ಲದೆ ಬಳ್ಳಾರಿಯವರಿಗೆ ಸಂಜೆ ಆಗುವುದಿಲ್ಲವಾದ್ದರಿಂದ ಇದಕ್ಕೇ ಮರ್ಯಾದೆ ಹೆಚ್ಚು. ಸ್ಪಂಜ್ ಐರನ್ ಕಾರ್ಖಾನೆಯ ಕಿಲ್ನ್ ಕೂಡ ಜನರ ಬಾಯಲ್ಲಿ ಭಟ್ಟಿಯೇ. ಅದು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿಗೆ ಹೋಗಬೇಕಿಲ್ಲ, ಒಣಹಾಕಿದ ಬಿಳಿ ಅಂಗಿ ನೋಡಿದರೆ ಸಾಕು. ನಾಲ್ಕನೆಯದು ಜಾಲಿ ಮರಗಳ ಮರೆಯಲ್ಲಿ ರಾತ್ರಿ ಹೊತ್ತು ಉರಿಯುವಂಥದ್ದು, ಕಳ್ಳಭಟ್ಟಿ. ಐದನೆಯದು ಬರೆಯುವವರದು. ಅದಕ್ಕೆ ಹೊಗೆಯಿಲ್ಲ.

ಪದದ ಮೂಲ ಸಂಸ್ಕೃತದ ‘ಭ್ರಾಷ್ಟ್ರ’, ಹುರಿಯುವ ಬಾಣಲೆ. ಪ್ರಾಕೃತದ ಬಾಯಲ್ಲಿ ಸವೆದು ಭಟ್ಟಿಯಾಗಿ ಊರೂರು ಸುತ್ತಿ ನಮ್ಮಲ್ಲಿಗೂ ಬಂತು. ಭಟ್ಟಿಕಾವ್ಯದ ಭಟ್ಟಿ ಬೇರೆ, ಅವನೊಬ್ಬ ಕವಿ. ಆದರೂ ತಮಾಷೆ ನೋಡಿ, ಆತನೂ ವ್ಯಾಕರಣ ಕಲಿಸಲಿಕ್ಕೆಂದು ರಾಮನ ಕಥೆಯನ್ನು ಇಳಿಸಿಕೊಂಡವನೇ.

ಈ ‘ಭಟ್ಟಿ ಇಳಿಸು’ ಎನ್ನುವ ಕ್ರಿಯಾಪದಕ್ಕೆ ಎರಡು ನಾಲಗೆ. ಮುನ್ನುಡಿಯಲ್ಲಿ ‘ಮೂವತ್ತು ವರ್ಷದ ಅನುಭವವನ್ನು ಭಟ್ಟಿ ಇಳಿಸಿದ್ದಾರೆ’ ಎಂದರೆ ಲೇಖಕರಿಗೆ ಹಾರ ಬಿತ್ತು. ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದು ಯಾರೋ ‘ಇದನ್ನೆಲ್ಲ ಎಲ್ಲಿಂದ ಭಟ್ಟಿ ಇಳಿಸಿದ್ದು?’ ಎಂದರೆ ಹಾರ ಉರುಳಾಯಿತು. ‘ಅನುಭವವನ್ನು’ ಎಂದರೆ ಹೊಗಳಿಕೆ, ‘ಎಲ್ಲಿಂದ’ ಎಂದರೆ ಬೈಗುಳ. ಇಡೀ ಕೃತಿಚೌರ್ಯದ ಚರ್ಚೆ ಒಂದು ಪ್ರತ್ಯಯದಲ್ಲಿ ತೀರಿತಲ್ಲ ಎಂದುಕೊಂಡಿದ್ದೆ, ನನ್ನದೇ ಲೇಖನವೊಂದು ಭಟ್ಟಿಗೆ ಬೀಳುವ ತನಕ.

ಮಂಡಾಳು ಭಟ್ಟಿಯ ಬಗ್ಗೆ ಬರೆದಿದ್ದೆ. ನಮ್ಮ ದೊಡ್ಡಪ್ಪ ಭಟ್ಟಿಯಲ್ಲಿ ದುಡಿದವರು. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಉಪ್ಪುನೀರು ಹಚ್ಚುವುದು ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ಬರೆದದ್ದು. ನಮ್ಮ ಕಡೆ ಉಸುಕು ಎನ್ನುತ್ತೇವೆ; ಓದುವವರಿಗೆ ತಿಳಿಯಲಿ ಎಂದು ‘ಕಾದ ಮರಳಿಗೆ ಅಕ್ಕಿ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ’ ಎಂದು ಶಿಷ್ಟವಾಗಿ ಬರೆದೆ. ಎರಡು ತಿಂಗಳಿಗೆ ಗೆಳೆಯನೊಬ್ಬ ಅಂತರ್ಜಾಲದ ಒಂದು ಕೊಂಡಿ ಕಳಿಸಿದ. ತಲೆಬರಹ ಬೇರೆ, ಪ್ಯಾರಾಗಳ ಸಾಲು ಮಾತ್ರ ನನ್ನದೇ. ಭಟ್ಟಿ ‘ಕುಲುಮೆ’ಯಾಗಿತ್ತು. ದೊಡ್ಡಪ್ಪ ‘ಹಿರಿಯ ತಂದೆ’ ಆಗಿದ್ದರು. ಇನ್ನು ಆ ವಾಕ್ಯ: ‘ಬಿಸಿಯಾದ ಹಿಂದಿರುಗುವಿಕೆಗೆ ಅಕ್ಕಿ ಹಾಕಿದಾಗ ಅದು ಕ್ಷಣಮಾತ್ರದಲ್ಲಿ ವಿಕಸನಗೊಳ್ಳುತ್ತದೆ.’

ಮರಳು ಅಂದರೆ ಹಿಂದಿರುಗು ಎನ್ನುವುದೂ ಸರಿಯೇ, ನಿಘಂಟಿನಲ್ಲಿ ಇದೆ. ಪದ ಬದಲಿಸುವ ಯಂತ್ರ ಪಾಪ ತನಗೆ ಗೊತ್ತಿದ್ದನ್ನು ಮಾಡಿದೆ. ದೊಡ್ಡಪ್ಪನಿಗೆ ಓದಿ ಹೇಳಿದೆ. ‘ಇದ್ಯಾವ ಊರಾಗ ಹಿಂಗ ಹುರೀತಾರಪಾ?’ ಎಂದರು.

ಸಿಟ್ಟಿನಲ್ಲಿ ಕಾನೂನು ತೆಗೆದು ನೋಡಿದೆ. ಅಲ್ಲಿ ನನಗೆ ಸಿಕ್ಕಿದ್ದು ಅರ್ಧ ಸಮಾಧಾನ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ (ತಮ್ಮ ನಾಟಕದಿಂದಲೇ ‘ನ್ಯೂ ಡೆಲ್ಲಿ’ ಸಿನಿಮಾ ಮಾಡಿದ್ದಾರೆ ಎನ್ನುವುದು ಅವರ ದೂರು) ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ವಿಚಾರ, ವಸ್ತು, ಕಥೆಯ ಎಳೆ, ಇತಿಹಾಸದ ಸಂಗತಿ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿ, ಜೋಡಿಸಿದ ಕ್ರಮ ಹೇಳಿದವನದು. ಎರಡನ್ನೂ ಓದಿದ ಸಾಮಾನ್ಯನಿಗೆ ಇದು ಅದರದೇ ನಕಲು ಎನ್ನಿಸಿದರೆ ಹಕ್ಕಿನ ಉಲ್ಲಂಘನೆ. ಆನಂದ್ ಆ ಮೊಕದ್ದಮೆಯಲ್ಲಿ ಸೋತರು. ಅಂದರೆ ಮಂಡಾಳು ಹುರಿಯುವ ಬಗೆ ನನ್ನಪ್ಪನ ಆಸ್ತಿಯಲ್ಲ. ಯಾರು ಬೇಕಾದರೂ ಬರೆಯಬಹುದು, ಬರೆಯಲಿ. ಆದರೆ ಅಕ್ಕಿಯ ಮುಂದೆ ದೊಡ್ಡಪ್ಪನ ಕೈ, ಕೈಯ ಮುಂದೆ ಉಪ್ಪು ಎಂದು ನಾನು ಜೋಡಿಸಿದ ಸಾಲನ್ನು ಹಾಗೇ ಇಟ್ಟು ಪದಕ್ಕೆ ಪದ ಬದಲಿಸಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಕಾಯ್ದೆಯ 57ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಕ್ಕನ್ನು ಮಾರಿಕೊಂಡ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕನಲ್ಲೇ ಉಳಿಯುತ್ತದೆ. ಹೊಲ ಮಾರಬಹುದು, ಮಗುವಿನ ತಂದೆತನ ಮಾರಲಾಗದು ಎಂಬಂತೆ.

ಅದೇ ಕಾಯ್ದೆಯಲ್ಲಿ ಪತ್ರಿಕೆಯವರಿಗೊಂದು ಹಿತ್ತಲ ಬಾಗಿಲೂ ಇದೆ. ಪ್ರಚಲಿತ ರಾಜಕೀಯ, ಆರ್ಥಿಕ, ಸಾಮಾಜಿಕ, ಧಾರ್ಮಿಕ ವಿಷಯದ ಲೇಖನವಾದರೆ, ಲೇಖಕ ಹಕ್ಕು ಕಾಯ್ದಿರಿಸಿಕೊಂಡಿಲ್ಲವಾದರೆ, ಇನ್ನೊಂದು ಪತ್ರಿಕೆ ಅದನ್ನು ಮರುಮುದ್ರಿಸಬಹುದು ಎನ್ನುತ್ತದೆ 52ನೇ ಕಲಂ. ಮಂಡಾಳು ಪ್ರಚಲಿತ ವಿಷಯವೇ? ಬಳ್ಳಾರಿಯಲ್ಲಿ ದಿನಾ ಸಂಜೆ ಹೌದು.

ಕಾನೂನಿಗಿಂತ ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಒಬ್ಬ ಕವಿಯ ಮಾತು ಇನ್ನೊಬ್ಬನದನ್ನು ಹೋಲುವುದು ಮೂರು ಬಗೆ ಎಂದ ಒಂಬತ್ತನೇ ಶತಮಾನದ ಆನಂದವರ್ಧನ: ಕನ್ನಡಿಯ ಬಿಂಬದ ಹಾಗೆ, ಬರೆದ ಚಿತ್ರದ ಹಾಗೆ, ಒಂದೇ ಚಹರೆಯ ಇಬ್ಬರು ಮನುಷ್ಯರ ಹಾಗೆ. ಮೊದಲನೆಯದಕ್ಕೆ ತನ್ನದೆನ್ನುವ ಆತ್ಮವೇ ಇಲ್ಲ, ಎರಡನೆಯದರದು ತೀರ ಜೊಳ್ಳು, ಎರಡನ್ನೂ ಬಿಡು. ಮೂರನೆಯದು ಇರಲಿ, ಮುಖ ಹೋಲಿದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುವುದಿಲ್ಲ. ಆಮೇಲೆ ಬಂದ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಪದ ಕದಿಯುವುದಕ್ಕೆ, ಅರ್ಥ ಕದಿಯುವುದಕ್ಕೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟ. ಅಲ್ಲೊಂದು ಇಲ್ಲೊಂದು ತಿದ್ದಿ ಬೇರೆಯದೇ ಎನ್ನಿಸುವಂತೆ ಮಾಡುವುದಕ್ಕೆ ಅವನ ಪಟ್ಟಿಯಲ್ಲಿ ‘ಆಲೇಖ್ಯಪ್ರಖ್ಯ’ ಎಂದು ಹೆಸರು. ಇಂದಿನವರು ಅದನ್ನು ರೀರೈಟ್ ಎನ್ನುತ್ತಾರೆ.

ಕನ್ನಡದ ಮಟ್ಟಿಗೆ ಹೊರಗಿನಿಂದ ತಂದುಕೊಳ್ಳುವುದು ಎಂದೂ ಪಾಪವಾಗಿರಲಿಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ತಂದಿದ್ದರಿಂದಲೇ ನಮ್ಮವರಿಗೆ ಕಾದಂಬರಿಯ ರುಚಿ ಹತ್ತಿತು. 1926ರಲ್ಲಿ ಬಂದ ಬಿ.ಎಂ.ಶ್ರೀ ಅವರ ಪುಸ್ತಕವನ್ನೇ ನೋಡಿ. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಪುಸ್ತಕ, ಹೆಸರು ‘ಇಂಗ್ಲಿಷ್ ಗೀತಗಳು’. ತಂದದ್ದು ಎಲ್ಲಿಂದ ಎಂದು ರಕ್ಷಾಪುಟದ ಮೇಲೇ ಸಾರಿಬಿಟ್ಟರು. ಈಗಿನ ‘ಕೃಪೆ: ಅಂತರ್ಜಾಲ’ ಎನ್ನುವುದರ ಪಕ್ಕದಲ್ಲಿ ಇಟ್ಟು ನೋಡಿ. ಊರಿನ ಯಾವುದೋ ಮನೆಯಿಂದ ಕೊಡ ಎತ್ತಿಕೊಂಡು ಬಂದು ‘ಕೃಪೆ: ಊರು’ ಎಂದ ಹಾಗೆ.

ಇಷ್ಟಕ್ಕೂ ನನ್ನ ತಕರಾರು ಪದದ ಬಗ್ಗೆಯೇ. ನನ್ನ ಲೇಖನವನ್ನು ಆ ಜಾಲತಾಣದವರು ಭಟ್ಟಿ ಇಳಿಸಿದರು ಎಂದರೆ ಭಟ್ಟಿಗೆ ಅವಮಾನ. ಕಳ್ಳಭಟ್ಟಿಯವನು ಕೂಡ ಬೆಲ್ಲ, ಜಾಲಿ ಚಕ್ಕೆ ಹಾಕಿ ದಿನಗಟ್ಟಲೆ ಕೊಳೆಸುತ್ತಾನೆ, ಉರಿ ಕಾಯುತ್ತಾನೆ, ಆವಿ ತಣಿದು ಹನಿಯಾಗುವ ತನಕ ಅಬಕಾರಿಯವರ ಜೀಪಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಾನೆ. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆದ ಮೇಲೆ ಆ ಭಯ ಇನ್ನಷ್ಟು. ಕೊನೆಗೆ ಇಳಿಯುವುದು ಬೆಲ್ಲವೂ ಅಲ್ಲ, ಚಕ್ಕೆಯೂ ಅಲ್ಲ, ಬೇರೆಯೇ ಒಂದು. ಅವನನ್ನು ನಾನು ಸಮರ್ಥಿಸುತ್ತಿಲ್ಲ. ಅವನ ಸರಕು ಜೀವ ತೆಗೆಯುತ್ತದೆ. ಆದರೆ ಹತ್ತು ಪುಸ್ತಕ ಓದಿ, ನಾಲ್ಕು ಜನರನ್ನು ಕೇಳಿ, ತಲೆಯಲ್ಲಿ ಕೊಳೆಸಿ, ತನ್ನ ಉರಿಯಲ್ಲಿ ಕಾಯಿಸಿ ಬರೆದವನಿಗೆ ಮಾತ್ರ ಈ ಕ್ರಿಯಾಪದ ಸಲ್ಲಬೇಕು. ಪದಕ್ಕೆ ಪದ ಬದಲಿಸಿದವನು ಬರೀ ಸೀಸೆಯ ಚೀಟಿ ಹರಿದು ಬೇರೆ ಅಂಟಿಸಿದವನು. ಅವನಿಗೆ ನಮ್ಮ ಪರೀಕ್ಷಾ ಕೊಠಡಿಯ ‘ಕಾಪಿ ಹೊಡೆಯೋದು’ ಸಾಕು. ನಮ್ಮ ಜೊತೆಗೇ ಇರುವ ತೆಲುಗಿನವರೂ ಕಾಪಿಯನ್ನು ‘ಕೊಟ್ಟು’ತ್ತಾರೆ, ಅಂದರೆ ಹೊಡೆಯುತ್ತಾರೆ. ಎರಡೂ ಭಾಷೆಯಲ್ಲಿ ಕಾಪಿಗೆ ಏಟು ತಪ್ಪಿದ್ದಲ್ಲ.

ಜಾಲತಾಣದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಎಳೆಯ ದನಿ, ಮರ್ಯಾದೆಯ ಹುಡುಗ. ‘ಸರ್, ಕಾಪಿ ಮಾಡಿಲ್ರೀ, ರೀರೈಟ್ ಮಾಡೀವ್ರಿ’ ಎಂದ. ದಿನಕ್ಕೆ ಹದಿನೈದು ಲೇಖನ ಹಾಕಬೇಕಂತೆ. ಹದಿನೈದು ಭಟ್ಟಿ ನೋಡಿ ಬರುವುದಕ್ಕೆ ಯಾರಿಂದಾದೀತು? ನನ್ನ ಹೆಸರು ಹಾಕು, ಇಲ್ಲ ತೆಗೆದುಬಿಡು ಎಂದೆ. ‘ಮ್ಯಾಲಿನವರಿಗೆ ಕೇಳಿ ಹೇಳ್ತೀನ್ರಿ’ ಎಂದ. ಫೋನ್ ಇಡುವ ಮುಂಚೆ ಸಂಕೋಚದಿಂದ ಕೇಳಿದ: ‘ಸರ್, ಆ ಹಿಂದಿರುಗುವಿಕೆ ಅಂತ ಐತಲ್ರೀ, ಅಲ್ಲಿ ಏನ್ ಬರ್ಬೇಕಿತ್ರೀ?’

‘ಉಸುಕು’ ಎಂದೆ.

ಮರುದಿನ ತೆರೆದು ನೋಡಿದೆ. ಹಿಂದಿರುಗುವಿಕೆ ಹೋಗಿ ಉಸುಕು ಬಂದಿತ್ತು. ಬರೆದವರ ಹೆಸರಿನ ಜಾಗದಲ್ಲಿ ‘ಸುದ್ದಿ ಡೆಸ್ಕ್’ ಹಾಗೇ ಇತ್ತು.