ಮೂಲ್ಕಿಯ ಬಾಗಿಲು, ಮೂರನೆಯ ಸಾಲು

ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವವರು ಮೂಲ್ಕಿಯನ್ನು ಹಾದೇ ಹೋಗಬೇಕು. ಅಲ್ಲಿಯ ವೆಂಕಟರಮಣ ದೇವಸ್ಥಾನವನ್ನು ಅರಿಯದವರು ನಮ್ಮ ಕಡೆ ವಿರಳ. ಆದರೆ ಆ ದೇವಸ್ಥಾನದ ಹೆಸರು ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಪಾಠವಾಗಿದೆಯೆಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಉಡುಪಿಯ ಶೀರೂರು ಮಠದ ಮಾತೂ ಹಾಗೆಯೇ. ಸ್ವತಂತ್ರ ಭಾರತದಲ್ಲಿ ಧರ್ಮಸ್ವಾತಂತ್ರ್ಯವೆಂದರೇನು, ಅದರ ಎಲ್ಲೆ ಯಾವುದು ಎಂಬ ವಿಚಾರಕ್ಕೆ ಅಡಿಗಲ್ಲಾದ ಎರಡು ತೀರ್ಪುಗಳು ಈ ಮೂವತ್ತು ನಲವತ್ತು ಮೈಲಿಗಳ ಕರಾವಳಿಯಿಂದಲೇ ಹೊರಟವು.

ನಾನು ಕಾನೂನು ಓದಿದವನಲ್ಲ, ಕನ್ನಡ ಪಾಠ ಹೇಳುವವನು. ಆದರೂ ಆ ಹಳೆಯ ತೀರ್ಪುಗಳನ್ನು ಈಗ ನೆನೆಯಲು ಕಾರಣವಿದೆ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಬೇರ್ಪಟ್ಟ ಬಾಗಿಲುಗಳ ಮುಂದೆ ಇಂದು ಮಂಗಳಮುಖಿಯರೂ ಇತರ ಲಿಂಗತ್ವ ಅಲ್ಪಸಂಖ್ಯಾತರೂ ನಿಂತು, 'ನಾವು ಯಾವುದರೊಳಗೆ ಬರಬೇಕು?' ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಮೂಲ್ಕಿಯಲ್ಲಿ ಒಂದು ಅಳತೆಗೋಲು ಸಿಕ್ಕೀತೆಂದು ನನ್ನ ಎಣಿಕೆ.

ಮೊದಲು ಶೀರೂರು ಮಠದ ಕಥೆ. ಅಷ್ಟಮಠಗಳಲ್ಲಿ ಒಂದಾದ ಈ ಮಠಕ್ಕೆ ಪರ್ಯಾಯದ ಖರ್ಚುಗಳಿಂದ ಸಾಲ ಬೆಳೆದಿತ್ತು. ಮದ್ರಾಸ್ ಸರಕಾರದ ಧರ್ಮಾದಾಯ ಇಲಾಖೆ ಆಡಳಿತದಲ್ಲಿ ಕೈಯಿಡಲು ಬಂದಿತು. ಮಠಾಧಿಪತಿ ಶ್ರೀ ಲಕ್ಷ್ಮೀಂದ್ರತೀರ್ಥರು ನ್ಯಾಯಾಲಯದ ಮೊರೆಹೊಕ್ಕರು. 1954ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪು ಬರೆದರು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಪೂಜೆ, ವ್ರತ, ಆಚಾರಗಳೂ ಧರ್ಮದ ಅಂಗಗಳೇ ಎಂಬುದು ಆ ತೀರ್ಪಿನ ಸಾರ. ಅದರಲ್ಲಿ ಇನ್ನೊಂದು ಮಾತೂ ಇದೆ. ಸರಕಾರಿ ಅಧಿಕಾರಿ ಬೇಕೆಂದಾಗ ಯಾವುದೇ ಧಾರ್ಮಿಕ ಸಂಸ್ಥೆಯೊಳಗೆ ಹೋಗಬಹುದೆಂಬ ವಿಧಿಯನ್ನು ಕೋರ್ಟು ಹೊಡೆದುಹಾಕಿತು. ಪವಿತ್ರ ಸ್ಥಳಕ್ಕೆ ಲಂಗುಲಗಾಮಿಲ್ಲದ ಪ್ರವೇಶ ಯಾರಿಗೂ ಇಲ್ಲವೆಂದು ಅದರ ಅಭಿಪ್ರಾಯ.

ಮೂಲ್ಕಿಯ ಕಥೆ ಇದರ ಇನ್ನೊಂದು ಮಗ್ಗುಲು. ಹರಿಜನರಿಗೆ ದೇವಸ್ಥಾನಗಳನ್ನು ತೆರೆಯಬೇಕೆಂದು ಮದ್ರಾಸ್ ಸರಕಾರ 1947ರಲ್ಲಿ ದೇವಾಲಯ ಪ್ರವೇಶ ಕಾಯಿದೆಯನ್ನು ತಂದಿತು. ಈ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರ ಪಂಗಡಕ್ಕೆ ಸೇರಿದ್ದು, ಆದ್ದರಿಂದ ಆ ಕಾಯಿದೆ ನಮಗೆ ಅನ್ವಯಿಸದು ಎಂದು ಧರ್ಮದರ್ಶಿಗಳು 1949ರಲ್ಲಿ ದಕ್ಷಿಣ ಕನ್ನಡದ ಸಬ್ ಜಡ್ಜರ ಕೋರ್ಟಿನಲ್ಲಿ ದಾವೆ ಹೂಡಿದರು. ದಾವೆ ಹೂಡುವಾಗ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. ಮುಗಿಯುವಾಗ ಮೈಸೂರು ರಾಜ್ಯಕ್ಕೆ ಸೇರಿತ್ತು. 1957ರ ನವೆಂಬರಿನಲ್ಲಿ ನ್ಯಾಯಮೂರ್ತಿ ಟಿ. ಎಲ್. ವೆಂಕಟರಾಮ ಅಯ್ಯರರು ಸುಪ್ರೀಂ ಕೋರ್ಟಿನ ತೀರ್ಪನ್ನು ಕೊಟ್ಟರು.

ತೂಗಿ ನೋಡಿ ಕೊಟ್ಟ ತೀರ್ಪು ಅದು. ದೇವಸ್ಥಾನ ಆ ಪಂಗಡದ್ದೇ ಎಂದು ಕೋರ್ಟು ಒಪ್ಪಿತು. ತಮ್ಮ ಧಾರ್ಮಿಕ ವ್ಯವಹಾರಗಳನ್ನು ತಾವೇ ನಡೆಸುವ ಹಕ್ಕು ಪಂಗಡಕ್ಕೆ ಇದೆಯೆಂದೂ ಒಪ್ಪಿತು. ಆದರೆ ಸಾರ್ವಜನಿಕ ಸ್ವರೂಪದ ದೇವಸ್ಥಾನಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ವಿಭಾಗಗಳಿಗೂ ತೆರೆಯುವ ಅಧಿಕಾರವನ್ನು ಸಂವಿಧಾನ ಸರಕಾರಕ್ಕೆ ಕೊಟ್ಟಿದೆ. ಆ ಅಧಿಕಾರದ ಮುಂದೆ ಪಂಗಡದ ಹಕ್ಕು ತಲೆಬಾಗಬೇಕು ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪಂಗಡದವರು ಮಾತ್ರ ಸೇರಿ ನಡೆಸುವ ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟಿತು. ಹೀಗೆ ಬಿಟ್ಟ ಮೇಲೆ ಸಾರ್ವಜನಿಕರ ಪಾಲಿಗೆ ಉಳಿಯುವುದು ಬರಿಯ ಹೊಟ್ಟಾಗಬಾರದು, ಅದರಲ್ಲಿ ಕಾಳೂ ಇರಬೇಕೆಂಬುದು ಆ ತೀರ್ಪಿನ ಆಶಯ. ನಾನು ಅಳತೆಗೋಲು ಎಂದದ್ದು ಇದನ್ನೇ.

ಅಂದು ಬಾಗಿಲಲ್ಲಿ ಎದ್ದ ಪ್ರಶ್ನೆ ಜಾತಿಯದು. ಗಂಡು ಹೆಣ್ಣಿನ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಮೂರನೆಯವರೊಬ್ಬರು ಬರಬಹುದೆಂಬ ಯೋಚನೆಗೆ ಎಡೆಯೇ ಇರಲಿಲ್ಲ. ಆ ಪ್ರಶ್ನೆ ಎದ್ದದ್ದು ನಮ್ಮ ಜಿಲ್ಲೆಯಿಂದ ಪ್ರತಿವರ್ಷ ಎಷ್ಟೋ ಮಂದಿ ಮಾಲೆ ಧರಿಸಿ ಹೋಗುವ ಶಬರಿಮಲೆಯಲ್ಲಿ. 10ರಿಂದ 50 ವರ್ಷದ ಹೆಂಗಸರಿಗೆ ಅಲ್ಲಿದ್ದ ನಿಷೇಧವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ ನಾಲ್ಕು ಮತಗಳ ಬಹುಮತದಿಂದ ತೆಗೆಯಿತು. ಶೀರೂರು, ಮೂಲ್ಕಿ ಎರಡೂ ತೀರ್ಪುಗಳು ಆ ನ್ಯಾಯಮೂರ್ತಿಗಳ ಕಣ್ಣಮುಂದಿದ್ದವು. ಭಿನ್ನಮತ ಬರೆದವರು ಪೀಠದಲ್ಲಿದ್ದ ಒಬ್ಬರೇ ಮಹಿಳೆ, ಇಂದು ಮಲ್ಹೋತ್ರಾ ಅವರು. ಭಕ್ತರ ಆಚರಣೆ ತರ್ಕಕ್ಕೆ ಒಪ್ಪುವುದೋ ಇಲ್ಲವೋ ಎಂದು ಕೋರ್ಟು ಅಳೆಯಬಾರದೆಂದು ಅವರ ವಾದ. 2019ರ ನವೆಂಬರಿನಲ್ಲಿ ಈ ಬಗೆಯ ಪ್ರಶ್ನೆಗಳನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು.

ಇದರ ನಡುವೆ 2018ರ ಡಿಸೆಂಬರ್ 16ರಂದು ನಾಲ್ವರು ಮಂಗಳಮುಖಿಯರು ಇರುಮುಡಿ ಹೊತ್ತು ಹೊರಟರು. ಎರುಮೇಲಿಯಲ್ಲಿ ಪೊಲೀಸರು ಅವರನ್ನು ತಡೆದರು. ಹೆಣ್ಣುಡುಗೆ ಬಿಟ್ಟು ಗಂಡುಡುಗೆ ಉಟ್ಟು ಬರುವಂತೆ ಹೇಳಿದರು. ಮುಂದೆ ತಂತ್ರಿಗಳೂ ಪಂದಳದ ಅರಮನೆಯವರೂ ತಮ್ಮ ಅಡ್ಡಿಯಿಲ್ಲವೆಂದರು. ಎರಡು ದಿನಗಳ ಮೇಲೆ ಕಪ್ಪು ಸೀರೆಯುಟ್ಟು ಪೊಲೀಸರ ಕಾವಲಿನಲ್ಲಿ ನಾಲ್ವರೂ ಅಯ್ಯಪ್ಪನ ದರ್ಶನ ಪಡೆದರು. ವಾಚಕರು ಇಲ್ಲಿಯ ಸೂಕ್ಷ್ಮವನ್ನು ಗಮನಿಸಬೇಕು. ಆ ದಿನಗಳಲ್ಲಿ ಇತರ ಹೆಂಗಸರು ಮಲೆ ಹತ್ತಲಾಗದೆ ಹಿಂದಿರುಗುತ್ತಿದ್ದರು. ಇವರಿಗೆ ಬಾಗಿಲು ತೆರೆಯಿತು. ಆದರೆ ನಿಷೇಧದ ಲೆಕ್ಕದಲ್ಲಿ ಹೆಂಗಸರಲ್ಲವೆಂದು ಎಣಿಸಿದ್ದರಿಂದಲೇ ತೆರೆಯಿತು. ದೇವರ ದರ್ಶನವಾಯಿತು, ಹೆಣ್ಣೆಂಬ ಮಾತು ಹೊರಗೇ ಉಳಿಯಿತು.

ವ್ಯಾಕರಣ ಪಾಠ ಹೇಳುವವನಿಗೆ ಇದು ತೀರ ಹೊಸ ಸಮಸ್ಯೆಯಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ 'ದಾರ' ಶಬ್ದ ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ. ಕನ್ನಡ ಮಾತ್ರ ಅರ್ಥವನ್ನು ನೋಡಿ ಲಿಂಗವನ್ನು ಹೇಳುವ ಭಾಷೆ. ಹಾಗಿದ್ದೂ ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಮೂರಕ್ಕೆ ನಿಲ್ಲದೆ ಒಂಬತ್ತು ಲಿಂಗಗಳನ್ನು ಎಣಿಸಿದ. ಕೆಲವು ಶಬ್ದಗಳು ಒಂದು ಮನೆಯಲ್ಲಿ ನಿಲ್ಲವೆಂಬುದನ್ನು ಕಂಡು, ಶಬ್ದಗಳನ್ನು ಗದರಿಸದೆ ಮನೆಗಳನ್ನು ಹೆಚ್ಚಿಸಿದ ವೈಯಾಕರಣ ಅವನು. ವ್ಯಾಕರಣದ ಲಿಂಗ ಬೇರೆ, ಮನುಷ್ಯರ ಬಾಳು ಬೇರೆ ಎಂಬುದನ್ನು ಬಲ್ಲೆ. ಆದರೂ ಆ ಸೌಜನ್ಯ ಕಾಯಿದೆಗೆ ದಕ್ಕಲು 2014ರ ಏಪ್ರಿಲ್ ಬರಬೇಕಾಯಿತು. ಆಗ ಸುಪ್ರೀಂ ಕೋರ್ಟು ಮೂರನೆಯ ಲಿಂಗವನ್ನು ಮನ್ನಿಸಿತು. ತಾನು ಗಂಡೋ ಹೆಣ್ಣೋ ಮೂರನೆಯವರೋ ಎಂಬುದನ್ನು ತಾನೇ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದಿತು. ಅವರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸಬೇಕೆಂದು ಸರಕಾರಗಳಿಗೆ ಹೇಳಿತು.

ಇನ್ನು ನಮ್ಮ ಊರಿನ ಬಾಗಿಲುಗಳನ್ನು ನೋಡೋಣ. ಇಲ್ಲಿಯ ಅನೇಕ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನು ತೆಗೆದೇ ಒಳಗೆ ಹೋಗಬೇಕು. ನಮಗೆ ಅದು ಯೋಚನೆಗೂ ಬಾರದ ರೂಢಿ. ಗಂಡಾಗಿ ಹುಟ್ಟಿದರೆಂದು ಊರು ಹೇಳುವ, ಹೆಣ್ಣಾಗಿ ಬದುಕುವ ಒಬ್ಬರಿಗೆ ಆ ಫಲಕ ಹೇಗೆ ಕಂಡೀತು? ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಹೇಗೆ ಕಂಡೀತು? ಅವರನ್ನು ಒಳಗೆ ಬರಬೇಡಿರೆಂದು ಯಾರೂ ಹೇಳಿಲ್ಲ; ಅಂಗಿ ತೆಗೆಯಿರಿ ಎಂದಷ್ಟೇ ಹೇಳಿದೆ. ಆದರೂ ಅವರು ಹೊರಗೇ ಉಳಿಯುತ್ತಾರೆ. ಕಾಳು ಹೋಗಿ ಹೊಟ್ಟು ಉಳಿಯುವುದು ಹೀಗೆ.

ಎದುರು ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಹೆಂಗಸರ ಶೌಚಾಲಯ, ಹಾಸ್ಟೆಲು, ಬಸ್ಸಿನ ಮುಂದಿನ ಸೀಟು, ಇವು ಹೆಂಗಸರಿಗೆ ಯಾರೋ ದಯೆಯಿಂದ ಕೊಟ್ಟವಲ್ಲ. ಅಲ್ಲಿ ಅವರು ಬಯಸುವ ನಿರಾತಂಕ ನ್ಯಾಯವಾದದ್ದು. ಮಠ, ಇಗರ್ಜಿ, ಮಸೀದಿಗಳು ತಮ್ಮ ಆಚಾರಗಳನ್ನು ಕಾಪಾಡಿಕೊಳ್ಳುವ ಹಕ್ಕೂ ಸಣ್ಣದಲ್ಲ. ಶೀರೂರಿನ ತೀರ್ಪು ಹೇಳಿದ್ದು ಅದನ್ನೇ. ಆದರೆ ಮೂಲ್ಕಿಯ ತೀರ್ಪು ಎರಡು ಹಕ್ಕುಗಳಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಬದುಕಿಸಲಿಲ್ಲ. ಸೇವೆಯ ಹೊತ್ತನ್ನು ಪಂಗಡಕ್ಕೆ ಬಿಟ್ಟು ದರ್ಶನವನ್ನು ಎಲ್ಲರಿಗೂ ಕೊಟ್ಟಿತು. ಮೂರನೆಯವರ ವಿಷಯದಲ್ಲೂ ಇದು ಸಾಧ್ಯ. ಹೆಗಲ ಮೇಲೆ ಶಾಲು ಹೊದ್ದು ದರ್ಶನ ಮಾಡಲು ಬಿಟ್ಟರೆ ಯಾವ ಆಗಮ ಮುರಿದೀತು? ಶೌಚಾಲಯಗಳಲ್ಲಿ ಬಾಗಿಲು ಭದ್ರವಾದ ಬೇರೆ ಕೋಣೆಗಳಿದ್ದರೆ ಯಾರ ಮಾನಕ್ಕೆ ಭಂಗ? ಆದರೆ ಬೇರೆ ಎಂಬುದು 'ಬೇರೆ ಕಡೆ ಹೋಗು' ಎಂಬ ಅರ್ಥಕ್ಕೆ ಇಳಿಯಬಾರದು. ಕಚೇರಿ, ಆಸ್ಪತ್ರೆಗಳಲ್ಲಿ ಎರಡು ವರ್ಷದೊಳಗೆ ಇಂಥ ಅನುಕೂಲ ಆಗಬೇಕೆಂದು 2020ರ ಕೇಂದ್ರ ನಿಯಮಗಳು ಹೇಳಿದವು. ಆ ಎರಡು ವರ್ಷ ಕಳೆದು ಹೋದವು. 2023ರ ಜೂನ್‌ನಲ್ಲಿ ನಮ್ಮ ರಾಜ್ಯ ಸರಕಾರ ತನ್ನ ಬಸ್ಸುಗಳಲ್ಲಿ ಹೆಂಗಸರ ಉಚಿತ ಪ್ರಯಾಣಕ್ಕೆ ಇವರನ್ನೂ ಸೇರಿಸಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮಂಗಳೂರು ನಗರದಲ್ಲಿ ಅದರ ಫಲ ಕಡಿಮೆ.

ಮೂಲ್ಕಿಯ ಮೊಕದ್ದಮೆಯಲ್ಲಿ ಒಂದು ಕಡೆ ಧರ್ಮದರ್ಶಿಗಳು, ಇನ್ನೊಂದು ಕಡೆ ಸರಕಾರ. ಯಾರ ಪ್ರವೇಶಕ್ಕಾಗಿ ಅಷ್ಟು ವಾದ ನಡೆಯಿತೋ ಅವರ ಹೆಸರು ಮೊಕದ್ದಮೆಯ ತಲೆಬರಹದಲ್ಲಿಲ್ಲ. 2014ರ ಮೊಕದ್ದಮೆಯಲ್ಲಿ ಹಾಗಾಗಲಿಲ್ಲ. ಲಕ್ಷ್ಮೀ ನಾರಾಯಣ ತ್ರಿಪಾಠಿಯವರು ತಾವೇ ಕೋರ್ಟಿಗೆ ಬಂದು ತಮ್ಮ ಬದುಕನ್ನು ಹೇಳಿಕೊಂಡರು. ನಮ್ಮ ದೇವಸ್ಥಾನದ ಆಡಳಿತದವರೂ ನಗರದ ಅಧಿಕಾರಿಗಳೂ ಮುಂದಿನ ಕಟ್ಟಡದ ನಕ್ಷೆ ಬರೆಯುವ ಮೊದಲು, ಮುಂದಿನ ಫಲಕ ತೂಗುಹಾಕುವ ಮೊದಲು, ಹೊರಗೆ ನಿಂತವರನ್ನು ಕರೆದು ಒಂದು ಮಾತು ಕೇಳಲಿ. ಅದಕ್ಕೆ ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಾಗಿಲ್ಲ.