ಹ್ಯಾಜ್‌ಮ್ಯಾಟ್ ಪರವಾನಗಿ ಪರೀಕ್ಷೆ

ಅಮೆರಿಕದಲ್ಲಿ ಪೆಟ್ರೋಲ್, ಕ್ಲೋರಿನ್, ಸ್ಫೋಟಕಗಳಂಥ ಅಪಾಯಕಾರಿ ಸರಕು ಸಾಗಿಸುವ ಲಾರಿ ಚಾಲಕರು ವಾಣಿಜ್ಯ ಪರವಾನಗಿಯ ಜೊತೆಗೆ ಪಾಸು ಮಾಡಬೇಕಾದ ಲಿಖಿತ ಪರೀಕ್ಷೆ. ಪರವಾನಗಿಯ ಮೇಲೆ ಇದರ ಗುರುತು 'ಎಚ್'. ಟ್ಯಾಂಕರ್ ಅರ್ಹತೆಯೂ ಇದ್ದರೆ 'ಎಕ್ಸ್'. ಶೇ 80 ಅಂಕ ಬರಲೇಬೇಕು.

ತಯಾರಿಗೆ ಆಯಾ ರಾಜ್ಯದ ಚಾಲಕರ ಕೈಪಿಡಿಯ 9ನೇ ಅಧ್ಯಾಯವೇ ಆಧಾರ. ಒಂಬತ್ತು ಅಪಾಯ ವರ್ಗಗಳನ್ನೂ ವಜ್ರಾಕಾರದ ಫಲಕಗಳನ್ನೂ ಬಾಯಿಪಾಠ ಮಾಡಿದರೆ ಸಾಲದು, ಕಾರಣ ಗೊತ್ತಿರಬೇಕು. ಸರಕಿನ ಪತ್ರದ ವಿಷಯವನ್ನೇ ನೋಡಿ: ಸೀಟ್ ಬೆಲ್ಟ್ ಹಾಕಿಕೊಂಡಿದ್ದಾಗಲೂ ಅದು ಚಾಲಕನ ಕೈಗೆ ಸಿಗಬೇಕು, ಲಾರಿ ಬಿಟ್ಟು ಇಳಿದರೆ ಸೀಟಿನ ಮೇಲೋ ಬಾಗಿಲ ಚೀಲದಲ್ಲೋ ಇರಬೇಕು. ಅಪಘಾತದಲ್ಲಿ ಚಾಲಕನಿಗೆ ಪ್ರಜ್ಞೆ ತಪ್ಪಿದರೂ ಅಗ್ನಿಶಾಮಕ ಸಿಬ್ಬಂದಿಗೆ ಒಳಗೇನಿದೆ ಎಂದು ತಿಳಿಯುವುದು ಅದರಿಂದಲೇ. ಫಲಕದ ಮೇಲೆ 1203 ಎಂದಿದ್ದರೆ ಪೆಟ್ರೋಲ್ ಎಂದರ್ಥ. ಇಂಥ ವಿವರಗಳು ಜೀವ ಉಳಿಸುತ್ತವೆ. ಅವನ್ನು ಬರೀ ಅಂಕಕ್ಕಾಗಿ ಓದುವುದು ತಪ್ಪು.

2022ರ ಫೆಬ್ರವರಿ 7ರಿಂದ, ಮೊದಲ ಬಾರಿಗೆ ಬರೆಯುವವರು ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಸಾರಿಗೆ ಭದ್ರತಾ ಆಡಳಿತ ಬೆರಳಚ್ಚು ಪಡೆದು ಹಿನ್ನೆಲೆ ಪರಿಶೀಲಿಸುತ್ತದೆ.

ಅರ್ಹತೆಯನ್ನು ನವೀಕರಿಸುವಾಗ ಪರೀಕ್ಷೆಯನ್ನು ಮತ್ತೆ ಬರೆಯಬೇಕು.