ದೇವಬಾಗದ ‘ಬಾಗ’

ಕಾಳೀ ನದಿಯು ಕಾರವಾರದ ಬಳಿಯಲ್ಲಿ ಸಮುದ್ರವನ್ನು ಸೇರುವೆಡೆ, ಅದರ ಉತ್ತರದ ದಡದಲ್ಲಿ, ಸದಾಶಿವಗಡದ ನೆರೆಯಲ್ಲಿ ದೇವಬಾಗವೆಂಬ ಊರಿರುವುದು. ಒಂದು ಪಕ್ಕದಲ್ಲಿ ಹೊಳೆ, ಇನ್ನೊಂದು ಪಕ್ಕದಲ್ಲಿ ಕಡಲು, ನಡುವೆ ಮರಳು ನೆಲ. ಈ ಹೆಸರಿನ ಉತ್ತರಪದವಾದ ‘ಬಾಗ’ವು ಯಾವ ನುಡಿಯದೆಂಬುದು ವಿಚಾರಾರ್ಹವಾದುದು, ಏಕೆಂದರೆ ಮೂರು ಮೂಲಗಳು ಅದಕ್ಕೆ ಹಕ್ಕುದಾರರಾಗಿ ತೋರುವುವು.

ಕನ್ನಡಿಗನ ಕಿವಿಗೆ ಮೊದಲು ಹೊಳೆಯುವುದು ‘ಬಾಗು’ ಎಂಬ ಧಾತು. ತೀರವು ಬಾಗಿರುವುದರಿಂದ ಅರ್ಥವೂ ಒಪ್ಪುವಂತಿದೆ. ಆದರೆ ಆ ಧಾತುವಿನಿಂದಾದ ನಾಮಪದವು ‘ಬಾಗು’ ಎಂದು ಉಕಾರಾಂತವಾಗಿಯೇ ನಿಲ್ಲತಕ್ಕದ್ದು.

ಎರಡನೆಯದು ಸಂಸ್ಕೃತದ ‘ಭಾಗ’. ‘ಭಜ್’ ಧಾತುವಿನಿಂದಾದ ಈ ಶಬ್ದಕ್ಕೆ ಪಾಲು ಎಂದರ್ಥ. ತದ್ಭವದಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗುವ ಕ್ರಮವನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿರುವನು. ಅದರಂತೆ ‘ದೇವರ ಪಾಲು’ ಎನ್ನಬಹುದು. ಆದರೆ ಮರಾಠಿಯಲ್ಲಿ ‘ಭಾಗ’ದ ಮಹಾಪ್ರಾಣವು ಉಳಿದಿರುವುದು.

ಮೂರನೆಯದು ತೋಟವೆಂಬ ಅರ್ಥದ ಪಾರಸೀ ಶಬ್ದ. ಈ ಕರಾವಳಿಯು ವಿಜಾಪುರದ ಆದಿಲಶಾಹಿಗಳ ಆಳ್ವಿಕೆಯನ್ನು ಕಂಡುದು. ಕೊಂಕಣಿ ಮರಾಠಿಗಳಲ್ಲಿ ‘ಬಾಗ’ವೆಂದರೆ ಇಂದಿಗೂ ತೋಟವೇ. ಮಾಲವಣದ ಬಳಿ ಕರ್ಲೀ ನದಿಯ ಮುಖದಲ್ಲಿ, ಇದೇ ರೀತಿ ಹೊಳೆಗೂ ಕಡಲಿಗೂ ನಡುವೆ, ಇನ್ನೊಂದು ದೇವಬಾಗವಿರುವುದು. ಆದುದರಿಂದ ‘ದೇವರ ತೋಟ’ವೆಂಬ ಅರ್ಥವೇ ಮೇಲಾಗಿ ತೋರುವುದು.

ಆದರೆ ವಿಚಾರವು ಇಲ್ಲಿಗೆ ಮುಗಿಯದು. ಪಾರಸೀ ಶಬ್ದವೂ ಪಾಲು ಎಂಬರ್ಥದ ಪ್ರಾಚೀನ ಇರಾಣೀ ಪದದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು; ಅಂದರೆ ಅದು ‘ಭಾಗ’ದ ಸೋದರಿ. ಬೇರೆಯೆಂದು ತೋರಿದ ಎರಡು ಒಂದೇ ಕುಲದವಾದುವು. ಮನೆಯದೆಂದು ತೋರಿದ ‘ಬಾಗು’ವಿಗೆ ಮಾತ್ರ ಇವುಗಳ ನಂಟಿಲ್ಲ. ಪೂರ್ವಪದದ ಗತಿಯೂ ವಿಚಿತ್ರವೇ. ಅವೆಸ್ತಾದಲ್ಲಿ ‘ದಏವ’ನೆಂದರೆ ದುಷ್ಟಶಕ್ತಿ, ದಾರಯವಹುವಿನ ಶಿಲಾಶಾಸನಗಳಲ್ಲಿ ದೇವರಿಗೆ ‘ಬಗ’ವೆಂಬ ಹೆಸರು, ಅದು ವೇದದ ಭಗದೇವತೆಯ ನಾಮಕ್ಕೆ ಸಮಾನ. ಇತ್ತ 1883ರಲ್ಲಿ ಕಾರವಾರದಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರ ಬಂಗಾಳಿಯಲ್ಲಿ ‘ಬಾಘ’ವೆಂದರೆ ಹುಲಿ, ಅದರ ಮೂಲ ‘ವ್ಯಾಘ್ರ’.

ಈ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಎರಡು ಮೂರು ನುಡಿಗಳು ಕೂಡಿ ಬಾಳುವ ಇಂಥ ಸೀಮೆಯಲ್ಲಿ ಊರ ಹೆಸರನ್ನೇ ಸಾಕ್ಷಿಗೆ ನಿಲ್ಲಿಸಿ ನೆಲದ ಹಕ್ಕನ್ನು ಸಾಧಿಸುವ ವಾದಕ್ಕೆ ಬಹು ಬೇಗ ಬೆಲೆ ಬರುವುದು. ಶಬ್ದದ ರೂಪಕ್ಕಿಂತ ಅರ್ಥವನ್ನು ಹಿಡಿದು ಪರೀಕ್ಷಿಸಬೇಕೆಂದು ಯಾಸ್ಕನು ನಿರುಕ್ತದಲ್ಲಿ ವಿಧಿಸಿದುದು ಇಲ್ಲಿ ಸ್ಮರಣೀಯ. ದೇವಬಾಗವನ್ನು ಕನ್ನಡಿಗನೂ ಕೊಂಕಣಿಗನೂ ಒಂದೇ ಹೆಸರಿನಿಂದ ಕರೆಯುವರು. ಎರಡಕ್ಷರದ ಪದಕ್ಕಾಗಿ ನೆರೆಹೊರೆಯವರು ಪಾಲುಗಾರಿಕೆಯ ವ್ಯಾಜ್ಯ ಹೂಡುವುದು ವಿಹಿತವಲ್ಲ.